ಕಿಬಾಲೆಯ ಹಕ್ಕಿಗಳಿಗೆ ಅರ್ಧ ದಿನ ಸಾಲದು

ಉಗಾಂಡದ ಕಿಬಾಲೆ ಕಾಡಿನಲ್ಲಿ ಬೆಳಿಗ್ಗೆ ಚಿಂಪಾಂಜಿ ನೋಡಿ, ಮಧ್ಯಾಹ್ನ ಹಕ್ಕಿಗಳನ್ನೂ ಮುಗಿಸಬಹುದು ಅಂತ ನಿಮ್ಮ ಪ್ರವಾಸ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪೋದು ಕಷ್ಟ. ಹಕ್ಕಿ ಹುಚ್ಚಿನವರು ಅಷ್ಟು ದೂರ ಹೋಗೋದೇ ಹಸಿರೆದೆಯ ಪಿಟ್ಟಾಗಾಗಿ. ನಮ್ಮ ನವರಂಗ ಹಕ್ಕಿಯ ನೆಂಟ ಅದು. ಬೆಳಕು ಹರಿಯುವ ಹೊತ್ತಿಗೆ ಕೊಂಬೆಯ ಮೇಲೆ ಕೂತಲ್ಲೇ ಚಂಗನೆ ಮೇಲಕ್ಕೆ ನೆಗೆದು ಮತ್ತೆ ಅಲ್ಲೇ ಇಳಿಯುತ್ತದೆ, ರೆಕ್ಕೆ ಪುರ್ ಅನ್ನುತ್ತದೆ. ಗೈಡ್ ಅದನ್ನು ಹುಡುಕೋದು ಆ ಸದ್ದು ಹಿಡಿದೇ. ಬಿಸಿಲೇರಿದ ಮೇಲೆ ತರಗೆಲೆ ಕೆದಕುತ್ತಾ ನೆಲದಲ್ಲೇ ಇರುತ್ತದೆ, ನಾಲ್ಕು ಮಾರು ದೂರದಲ್ಲಿದ್ದರೂ ಕಾಣೋದಿಲ್ಲ.

ಇನ್ನು ಚಿಂಪಾಂಜಿ. ಇದು ನಾಗರಹೊಳೆಯ ಜೀಪ್ ಸಫಾರಿ ಅಲ್ಲ, ನಡೆದೇ ಹುಡುಕಬೇಕು. ಸಿಕ್ಕ ಮೇಲೆ ಒಂದು ಗಂಟೆ ಮಾತ್ರ ಜೊತೆಗಿರಬಹುದು, ಸಿಗೋದು ಎಷ್ಟು ಹೊತ್ತಿಗೋ ದೇವರಿಗೇ ಗೊತ್ತು! ಹಾಗಾಗಿ ಎರಡಕ್ಕೂ ಬೇರೆ ಬೇರೆ ಬೆಳಿಗ್ಗೆ ಇಟ್ಟುಕೊಳ್ಳೋದೇ ವಾಸಿ.

ಮಧ್ಯಾಹ್ನಕ್ಕೆ ಪಕ್ಕದ ಬಿಗೋಡಿ ಜೌಗು ಇದೆಯಲ್ಲ, ಅದರ ಸುದ್ದಿಯೇ ಲೇಖನದಲ್ಲಿಲ್ಲ. ಊರಿನವರೇ ನಡೆಸುವ ಜಾಗ. ಪಪೈರಸ್ ಜೊಂಡಿನ ಅಂಚಿನ ಮರಗಳಲ್ಲಿ ದೊಡ್ಡ ನೀಲಿ ಟುರಾಕೊ ಹಕ್ಕಿ, ಕೆಂಪು ಕೊಲೊಬಸ್ ಕೋತಿಗಳು ಕಾಡಿನ ಒಳಗಿಗಿಂತ ಸಲೀಸಾಗಿ ಕಾಣುತ್ತವೆ. ಕೊಟ್ಟ ದುಡ್ಡೂ ಊರಿಗೇ ಸೇರುತ್ತದೆ, ಒಳ್ಳೆಯದೇ ಅಲ್ವಾ?

ಈ ಪ್ರವಾಸಕ್ಕೆ ಬೇಕಾದ ಹಳದಿ ಜ್ವರದ ಲಸಿಕೆಯನ್ನು ಕೊನೆಯ ವಾರಕ್ಕೆ ಬಿಡಬೇಡಿ. ಹಾಕಿಸಿಕೊಂಡು 10 ದಿನ ಆದ ಮೇಲೇ ಸರ್ಟಿಫಿಕೇಟ್‌ಗೆ ಬೆಲೆ. ಅದಿಲ್ಲದೆ ಭಾರತಕ್ಕೆ ವಾಪಸ್ ಬಂದರೆ ಕ್ವಾರಂಟೈನ್ ಗ್ಯಾರಂಟಿ.