ಒಂದೇ ವಾಷರ್, ಎರಡು ಮ್ಯಾನಿಫೋಲ್ಡ್

ಕಾವೆಂಟ್ರಿಯಲ್ಲಿರುವ ನಮ್ಮ ಮನೆಯ ಹಿಂದಿನ ಗ್ಯಾರೇಜಿನಲ್ಲಿ 1970ರ ಒಂದು ಎಂಜಿಬಿ ಕಾರು ಇದೆ. ಇಬ್ಬರು ಕೂರಬಹುದಾದ, ಮೇಲ್ಹೊದಿಕೆ ತೆರೆಯಬಹುದಾದ ಈ ಸ್ಪೋರ್ಟ್ಸ್ ಕಾರನ್ನು 1962ರಿಂದ 1980ರವರೆಗೆ ಅಬಿಂಗ್‌ಡನ್ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಮೊದಲ ಸಲ ಬಾನೆಟ್ ಎತ್ತಿ ಅದರ 1798 ಸಿಸಿ ಎಂಜಿನ್ ನೋಡಿದಾಗ ಹಳೆಯ ಪರಿಚಯದವರನ್ನು ಕಂಡಂತಾಯಿತು. ದಾವಣಗೆರೆಯಲ್ಲಿ ನನ್ನ ಸೋದರಮಾವನ ಗ್ಯಾರೇಜಿಗೆ ರಿಪೇರಿಗೆ ಬರುತ್ತಿದ್ದ ಅಂಬಾಸಿಡರ್‌ಗಳ 1489 ಸಿಸಿ ಎಂಜಿನ್ ಇದೇ ಬಿ-ಸೀರೀಸ್ ವಂಶದ್ದು. ಹೀಗಾಗಿ, ಈ ಎಂಜಿನ್ನಿಗೆ ಬೇರೊಬ್ಬರು ತಯಾರಿಸಿದ ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರಿನಿಂದ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಮಿಶ್ರಣ ಒಯ್ಯುವ ಕೊಳವೆ) ಕೂರಿಸಲು ಹೊರಟಾಗ, ಇಲ್ಲಿನ ರೀತಿ ಮತ್ತು ಮಾವನ ಗ್ಯಾರೇಜಿನ ರೀತಿ ಎರಡನ್ನೂ ಒಂದೇ ಕೆಲಸದಲ್ಲಿ ಎದುರುಬದುರು ಇಟ್ಟು ನೋಡುವಂತಾಯಿತು.

ಇಂಗ್ಲೆಂಡಿನಲ್ಲಿ ಇಂಥ ಕೆಲಸ ಆರಂಭವಾಗುವುದು ಕ್ಯಾಟಲಾಗಿನಿಂದ. ಅರ್ಧ ಶತಮಾನ ದಾಟಿದ ಕಾರಿಗೂ ಪ್ರತಿಯೊಂದು ನಟ್ಟಿಗೆ ಪಾರ್ಟ್ ನಂಬರ್ ಇದೆ, ಬಿಗಿಯಬೇಕಾದ ಬಲವೂ ಪುಸ್ತಕದಲ್ಲಿ ಅಚ್ಚಾಗಿದೆ. ಮೂಲದ ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ಇಳಿಸಿ, ವೆಬರ್ 45 ಡಿಸಿಒಇ ಎಂಬ ಬೇರೆ ಕಾರ್ಬ್ಯುರೇಟರ್ ಒಂದನ್ನು ಹೊರುವ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಹಾಕುವುದು ಇಲ್ಲಿನ ಹವ್ಯಾಸಿಗಳಲ್ಲಿ ಬಹುಕಾಲದಿಂದ ಇರುವ ರೂಢಿ. ಪೆಟ್ಟಿಗೆಯ ಜೊತೆ ಬಂದ ಹಾಳೆಯಲ್ಲಿ ಯಾವ ಮಾರ್ಪಾಡೂ ಇಲ್ಲದೆ ನೇರವಾಗಿ ಕೂರುತ್ತದೆ ಎಂದು ಬರೆದಿತ್ತು. ನಾನು ಆ ಮಾತನ್ನು ನಂಬಿ, ಟಾರ್ಕ್ ವ್ರೆಂಚ್ (ನಿಗದಿಪಡಿಸಿದ ಬಲ ತಲುಪಿದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) ಹಿಡಿದು, ಪುಸ್ತಕ ಹೇಳಿದ 15 ಪೌಂಡ್-ಅಡಿಗೆ ನಟ್ಟುಗಳನ್ನು ಬಿಗಿದೆ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ತಾನಾಗಿ ಏರುವುದು, ಮತ್ತೆ ಇಳಿಯುವುದು, ಆಕ್ಸಿಲರೇಟರ್ ಬಿಟ್ಟಾಗ ಕಾರ್ಬ್ಯುರೇಟರ್ ಬಾಯಿಂದ ಪಟಪಟ ಸದ್ದು ಬರುವುದು ಶುರುವಾಯಿತು. ಮೂರು ವಾರಾಂತ್ಯ ಕಾರ್ಬ್ಯುರೇಟರಿನ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸುತ್ತಲೇ ಕಳೆದೆ.

ಊರಿಗೆ ಫೋನ್ ಮಾಡಿ ಈ ವಿಷಯ ಹೇಳಿದಾಗ ಮಾವ ಕೇಳಿದ್ದು ಒಂದೇ ಮಾತು: "ಕಾರ್ಬ್ಯುರೇಟರ್ ಮುಟ್ಟಬೇಡ ಮಾರಾಯ, ವಾಷರ್ ಸರಿಯಾಗಿ ಕೂತಿದೆಯೋ ಇಲ್ಲವೋ, ಮೊದಲು ಅದನ್ನು ನೋಡು."

ಆ ಮಾತಿನ ತೂಕ ತಿಳಿಯಬೇಕಾದರೆ ಈ ಎಂಜಿನ್ನಿನ ಹೆಡ್ಡಿನ ರಚನೆ ತಿಳಿಯಬೇಕು. ಇದರಲ್ಲಿ ಗಾಳಿ ಒಳಗೆ ಹೋಗುವ ದ್ವಾರಗಳೂ ಹೊಗೆ ಹೊರಗೆ ಬರುವ ದ್ವಾರಗಳೂ ಒಂದೇ ಬದಿಯಲ್ಲಿವೆ: ಒಳದ್ವಾರ ಎರಡು, ಹೊರದ್ವಾರ ಮೂರು, ಎಲ್ಲಕ್ಕೂ ಸೇರಿ ಒಂದೇ ಪ್ಯಾಕಿಂಗ್ (ಸಂದು ಮುಚ್ಚುವ ಗ್ಯಾಸ್ಕೆಟ್ ಹಾಳೆ). ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳು ಅಕ್ಕಪಕ್ಕ ಕೂರುತ್ತವೆ. ಅವೆರಡರ ನಡುವಿನ ಸ್ಟಡ್ಡುಗಳ ಮೇಲಿನ ದಪ್ಪ ವಾಷರ್, ಒಂದು ಅಂಚಿನಿಂದ ಇದನ್ನೂ ಇನ್ನೊಂದು ಅಂಚಿನಿಂದ ಅದನ್ನೂ ಒಟ್ಟಿಗೆ ಅದುಮಿ ಹಿಡಿಯುತ್ತದೆ. ಎರಡರ ಫ್ಲ್ಯಾಂಜ್ (ಹೆಡ್ಡಿಗೆ ಒತ್ತಿ ಕೂರುವ ಚಪ್ಪಟೆ ಅಂಚು) ದಪ್ಪ ಒಂದೇ ಆಗಿದ್ದರೆ ಮಾತ್ರ ಈ ಹಿಡಿತ ನಿಲ್ಲುತ್ತದೆ. ವರ್ನಿಯರ್ ಹಿಡಿದು ಅಳೆದಾಗ ನನ್ನ ಹೊಸ ಮ್ಯಾನಿಫೋಲ್ಡಿನ ಫ್ಲ್ಯಾಂಜ್, ಹಳೆಯ ಎರಕದ ಎಕ್ಸಾಸ್ಟಿನದಕ್ಕಿಂತ ಒಂದು ಮಿಲಿಮೀಟರಿನಷ್ಟು ತೆಳುವಾಗಿತ್ತು. ವಾಷರ್ ವಾಲಿಕೊಂಡು ಎಕ್ಸಾಸ್ಟನ್ನಷ್ಟೇ ಒತ್ತುತ್ತಿತ್ತು, ಹೊಸ ಮ್ಯಾನಿಫೋಲ್ಡಿನ ಸಡಿಲ ಸಂದಿನಿಂದ ಹೊರಗಿನ ಗಾಳಿ ಒಳನುಸುಳುತ್ತಿತ್ತು. ಟಾರ್ಕ್ ವ್ರೆಂಚ್ ಮಾತ್ರ ಎಲ್ಲವೂ ಸರಿಯಾಗಿದೆ ಎಂಬಂತೆ ಕ್ಲಿಕ್ ಎಂದಿತ್ತು.

ಮಾವನ ಗ್ಯಾರೇಜಿನಲ್ಲಿ ಅಂಗಡಿಯಿಂದ ಬಂದ ಯಾವ ಸಾಮಾನನ್ನೂ ನೇರವಾಗಿ ಕೂರಿಸಿದ್ದನ್ನು ನಾನು ಕಂಡಿಲ್ಲ. ಕಿಟಕಿಯ ದಪ್ಪ ಗಾಜಿನ ಮೇಲೆ ಎಮರಿ ಬಟ್ಟೆ ಹಾಸಿ, ಸೀಮೆಎಣ್ಣೆ ಚಿಮುಕಿಸಿ, ಮ್ಯಾನಿಫೋಲ್ಡಿನ ಮುಖವನ್ನು ಅದರ ಮೇಲಿಟ್ಟು ಎಂಟರ ಆಕಾರದಲ್ಲಿ ಉಜ್ಜುತ್ತಿದ್ದರು. ನಾಲ್ಕು ಸುತ್ತು ಉಜ್ಜಿ ತಿರುಗಿಸಿದರೆ ಉಬ್ಬಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು, ತಗ್ಗಿನ ಜಾಗ ಕಪ್ಪಾಗಿಯೇ ಉಳಿಯುತ್ತಿತ್ತು. ಇಡೀ ಮುಖ ಒಂದೇ ಬಣ್ಣಕ್ಕೆ ಬರುವವರೆಗೆ ಬಿಡುತ್ತಿರಲಿಲ್ಲ. ಪ್ಯಾಕಿಂಗ್ ಸಿಗದಿದ್ದರೆ ಹಾಳೆಯನ್ನು ಮುಖದ ಮೇಲಿಟ್ಟು, ದ್ವಾರದ ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟಿ ಕತ್ತರಿಸಿಕೊಳ್ಳುತ್ತಿದ್ದರು. ಇದನ್ನು ಬಡತನದ ಉಪಾಯವೆಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಕೊಂಡ ಸಾಮಾನು ಇನ್ನೂ ಪೂರ್ತಿ ತಯಾರಾಗಿಲ್ಲ, ಉಳಿದರ್ಧ ಕೆಲಸ ಕೂರಿಸುವವನದು ಎಂಬ ತಿಳಿವಳಿಕೆ ಅದರಲ್ಲಿದೆ, ಮತ್ತು ಹೊರಗಿನ ಮ್ಯಾನಿಫೋಲ್ಡಿನ ವಿಷಯದಲ್ಲಿ ಅದೇ ಸತ್ಯ. ಕೊನೆಗೆ ನಾನು ವಾಷರ್‌ಗಳನ್ನು ಲೇತ್ ಇದ್ದವರ ಬಳಿ ಕೊಂಡೊಯ್ದು, ಒಂದು ಬದಿ ಮೆಟ್ಟಿಲಿನಂತೆ ತಗ್ಗಿಸಿಕೊಂಡು ತಂದೆ. ಐಡ್ಲಿಂಗಿನ ಏರಿಳಿತ ಅದೇ ಸಂಜೆ ನಿಂತಿತು.

ಆದರೆ ಅಲ್ಲಿಂದಾಚೆಗೆ ಮಾವನ ಕಿವಿ ಮತ್ತು ಕೈ ಸಾಲುವುದಿಲ್ಲ. ಈ ಎಂಜಿನ್ 1-3-4-2ರ ಕ್ರಮದಲ್ಲಿ ಉರಿಯುತ್ತದೆ. ಒಂದನೆಯ ಮತ್ತು ಎರಡನೆಯ ಸಿಲಿಂಡರ್‌ಗಳಿಗೆ ಒಂದು ದ್ವಾರ, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಹಾಗಾಗಿ ಒಂದೇ ದ್ವಾರದಿಂದ ಎರಡು ಸಿಲಿಂಡರ್‌ಗಳು ಬೆನ್ನುಬೆನ್ನಿಗೆ ಎಳೆಯುತ್ತವೆ, ಆಮೇಲೆ ದೀರ್ಘ ವಿರಾಮ. ಜೋಡಿಯಲ್ಲಿ ಒಂದಕ್ಕೆ ಗಾಢ ಮಿಶ್ರಣ, ಇನ್ನೊಂದಕ್ಕೆ ತೆಳು ಮಿಶ್ರಣ ಹೋಗಬಹುದು, ಮತ್ತು ಇದು ಐಡ್ಲಿಂಗಿನಲ್ಲಿ ಕಿವಿಗೆ ಸಿಗುವುದಿಲ್ಲ. ಇಲ್ಲಿ ರೋಲಿಂಗ್ ರೋಡ್ (ಚಕ್ರಗಳು ನಿಂತಲ್ಲೇ ಓಡುವ ಉರುಳೆಗಳ ಪರೀಕ್ಷಾ ಯಂತ್ರ) ಮೇಲೆ ಗಾಡಿ ನಿಲ್ಲಿಸಿ, ಲೋಡ್ ಕೊಟ್ಟು, ಪೆಟ್ರೋಲ್ ಅಳೆದು ಬಿಡುವ ಪ್ರತಿ ಜೆಟ್ ಬದಲಿಸಿದಾಗಲೂ ಅಂಕಿ ಬರೆದಿಟ್ಟುಕೊಳ್ಳುತ್ತಾರೆ. ಮಾವನ ಗ್ಯಾರೇಜಿನಲ್ಲಿ ಬರೆದಿಡುವ ಪದ್ಧತಿಯೇ ಇರಲಿಲ್ಲ; ಅವರ ನಲವತ್ತು ವರ್ಷಗಳ ಅನುಭವ ಒಂದು ಪುಟದಲ್ಲೂ ಉಳಿದಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಕ್ಯಾಟಲಾಗು ಹೇಳದ ಇನ್ನೂ ಕೆಲವು ವಿಷಯಗಳಿವೆ. ಎಸ್‌ಯು ಕಾರ್ಬ್ಯುರೇಟರ್ ಗಾಳಿ ಮತ್ತು ಪೆಟ್ರೋಲ್ ಕೊಡುವುದರ ಜೊತೆಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ವ್ಯಾಕ್ಯೂಮ್ (ಗಾಳಿಯ ಎಳೆತ) ಕೊಡುತ್ತಿತ್ತು, ಕ್ರ್ಯಾಂಕ್‌ಕೇಸಿನ ಆವಿಯನ್ನೂ ಎಳೆದುಕೊಳ್ಳುತ್ತಿತ್ತು. ವೆಬರ್ ಈ ಎರಡನ್ನೂ ಮಾಡುವುದಿಲ್ಲ. ಆ ಎಳೆತದಿಂದ ಕಿಡಿಯನ್ನು ಬೇಗ ಹೊತ್ತಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಇಲ್ಲದೆ ನಿಧಾನದ ಓಟದಲ್ಲಿ ಮೈಲೇಜ್ ಬೀಳುತ್ತದೆ. ಕ್ರ್ಯಾಂಕ್‌ಕೇಸಿನ ಆವಿ ಹೊರಬಿಡುವ ಬ್ರೀದರಿಗೆ ಬೇರೆ ದಾರಿ ಮಾಡದಿದ್ದರೆ ಸೀಲುಗಳಿಂದ ಎಣ್ಣೆ ಜಿನುಗುತ್ತದೆ. ಬ್ರೇಕ್ ಸರ್ವೋ (ವ್ಯಾಕ್ಯೂಮಿನಿಂದ ಬ್ರೇಕಿನ ಬಲ ಹೆಚ್ಚಿಸುವ ಭಾಗ) ಇರುವ ಗಾಡಿಯಲ್ಲಿ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ತೂತು ಇರಲೇಬೇಕು. ವೆಬರನ್ನು ಮ್ಯಾನಿಫೋಲ್ಡಿಗೆ ಗಟ್ಟಿಯಾಗಿ ಬಿಗಿಯಲೂ ಬಾರದು. ರಬ್ಬರ್ ರಿಂಗ್ ಮತ್ತು ಸ್ಪ್ರಿಂಗ್ ವಾಷರ್ ಹಾಕಿ, ಆ ವಾಷರಿನ ಸುರುಳಿಗಳ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಉಳಿಸಬೇಕು, ಇಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ಪೆಟ್ರೋಲ್ ನೊರೆಯಾಗುತ್ತದೆ.

ನನ್ನ ಎಂಜಿನ್ನಿನ ಹೆಡ್ ಮತ್ತು ಕ್ಯಾಮ್ ಮೊದಲೇ ಬದಲಾಗಿದ್ದವು, ಆದ್ದರಿಂದ ವೆಬರ್ ಉಳಿಸಿಕೊಂಡಿದ್ದೇನೆ. ಎಂಜಿನ್ ಮೂಲಸ್ಥಿತಿಯಲ್ಲಿರುವವರಿಗೆ ಇದು ಬೇಡವೆಂದೇ ಹೇಳುತ್ತೇನೆ. ಅದೇ ಹಣದಲ್ಲಿ ಎಸ್‌ಯುಗಳ ಸವೆದ ಸ್ಪಿಂಡಲ್‌ಗಳಿಗೆ ಬುಷ್ ಹಾಕಿಸಿದರೆ ಕಳೆದುಹೋದ ಪಿಕಪ್ಪಿನ ಬಹುಪಾಲು ಮರಳಿ ಬರುತ್ತದೆ. ಹೊಸ ಮ್ಯಾನಿಫೋಲ್ಡ್ ಬೇಕೇ ಬೇಕೆನ್ನುವವರು ತಮ್ಮ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಬಿಚ್ಚಿ ಅಂಗಡಿಗೆ ಹೊತ್ತುಕೊಂಡು ಹೋಗಲಿ, ಕೌಂಟರಿನ ಮೇಲೆಯೇ ಎರಡನ್ನೂ ಅಕ್ಕಪಕ್ಕ ಇಟ್ಟು ವರ್ನಿಯರಿನಿಂದ ಅಳೆದು ನೋಡಿ, ಆಮೇಲೆ ದುಡ್ಡು ಕೊಡಲಿ.