ಪೇಟೆಯ ಬಿಸಿಲು ಬೆಟ್ಟದ ತುದಿಯಲ್ಲಿ ಇರುವುದಿಲ್ಲ

ನಿನ್ನೆ ಸ್ಕಾಟ್ಲೆಂಡಿನ ಗ್ಲೆನ್ ನೆವಿಸ್ ಕಣಿವೆಯಲ್ಲಿ ಕಾರು ನಿಲ್ಲಿಸಿದ ಜಾಗದಲ್ಲೇ ಒಂದು ಮಾತು ಕೇಳಿ ಸಿಟ್ಟು ಬಂತು. ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗ್ಲಾಸ್ಗೋದಿಂದ ನಾವು ಐದು ಜನ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ ಹತ್ತಲು ಹೋಗಿದ್ದೆವು. ಬೆಟ್ಟಗಳಿಗೆಂದೇ ಹವಾಮಾನ ಹೇಳುವ ಎಂಡಬ್ಲ್ಯುಐಎಸ್ ಸೇವೆಯ ಮುನ್ಸೂಚನೆ ಓದಿದರೆ ಮೇಲೆ ವಿಪರೀತ ಗಾಳಿ. ಇವತ್ತು ಬೇಡ, ಸುಮ್ನೆ ಸ್ಟೀಲ್ ಜಲಪಾತದವರೆಗೆ ನಡೆದು ಬರೋಣ ಎಂದೆ. ಮಾತು ಹಾಗೇ ಇಂಥ ಮುನ್ಸೂಚನೆ ಸೇವೆಗಳ ದುಡ್ಡಿನ ಕಷ್ಟಕ್ಕೆ ಹೊರಳಿತು. ಗುಂಪಿನ ಹುಡುಗನೊಬ್ಬ, "ಅಕ್ಕಾ, ಫೋನಲ್ಲೇ ಫ್ರೀಯಾಗಿ ಬರುತ್ತಲ್ಲ, ಅದಕ್ಯಾಕೆ ಸರ್ಕಾರದ ದುಡ್ಡು?" ಅಂದ.

ಫೋನು ತೋರಿಸುತ್ತಿದ್ದದ್ದು ಬೆಟ್ಟದ ಬುಡದ ಫೋರ್ಟ್ ವಿಲಿಯಂ ಪೇಟೆಯ ಹವಾಮಾನ. ಅದು ಸಮುದ್ರದ ಅಂಚಿನ ಊರು. ಬೆಟ್ಟದ ತುದಿ 1345 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕೆಳಗೆ 10 ಡಿಗ್ರಿ ಇದ್ದಾಗ ಮೇಲೆ ಒಂದೋ ಎರಡೋ, ಅದರ ಮೇಲೆ ಗಾಳಿ ಬೇರೆ. ಸ್ಕಾಟ್ಲೆಂಡಿನದೇ ಇನ್ನೊಂದು ಬೆಟ್ಟ ಕೇರ್ನ್ ಗಾರ್ಮ್ ನೆತ್ತಿಯಲ್ಲಿ 1986ರ ಮಾರ್ಚ್‌ನಲ್ಲಿ ಗಂಟೆಗೆ 173 ಮೈಲಿ ಗಾಳಿ ದಾಖಲಾಗಿದೆ!

ಬೆಟ್ಟದ ಮುನ್ಸೂಚನೆ ಬರೆಯುವವರು ಗಾಳಿಯ ವೇಗ ಹೇಳಿ ಸುಮ್ಮನಾಗುವುದಿಲ್ಲ. ಆ ಗಾಳಿಯಲ್ಲಿ ನಡೆಯಲು ಎಷ್ಟು ಕಷ್ಟ, ಮೋಡ ಎಷ್ಟು ಕೆಳಗಿಳಿಯುತ್ತದೆ, 900 ಮೀಟರಿನಲ್ಲಿ ಚಳಿ ಎಷ್ಟು, ಯಾವ ಎತ್ತರದಿಂದ ನೀರು ಹೆಪ್ಪುಗಟ್ಟುತ್ತದೆ, ಎಲ್ಲ ಬಿಡಿಸಿ ಬರೆಯುತ್ತಾರೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಂತೂ ಚಳಿಗಾಲದಲ್ಲಿ ದಿನವೂ ಒಬ್ಬರು 950 ಮೀಟರಿನ ಹೆಲ್ವೆಲಿನ್ ಹತ್ತಿ, ಹಿಮ ಹೇಗಿದೆ ಎಂದು ಕಣ್ಣಾರೆ ನೋಡಿ ಬಂದು ಬರೆಯುತ್ತಾರೆ. ಇದನ್ನು ಯಾವ ಆಪ್ ಮಾಡುತ್ತದೆ ಹೇಳಿ?

ಒಂದು ವಿಷಯ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ, ಒಂದು ಮೇ ತಿಂಗಳಲ್ಲಿ, ನಾನೂ ಫೋನಿನ ಬಿಸಿಲು ನಂಬಿ ಇದೇ ಬೆಟ್ಟ ಹತ್ತಿದ್ದೆ. ಮಲೆನಾಡಿನ ಮಂಜು ನೋಡಿ ಬೆಳೆದವಳು, ನನಗೇನು ಹೆದರಿಕೆ ಎಂಬ ಧೈರ್ಯ. ತುದಿಯಲ್ಲಿ ನೆಲವೂ ಬಿಳಿ, ಆಕಾಶವೂ ಬಿಳಿ. ಉತ್ತರದ ಕಡೆ ನೂರಾರು ಮೀಟರ್ ಪ್ರಪಾತ ಇದೆ ಎಂದು ಗೊತ್ತಿತ್ತು, ಉತ್ತರ ಯಾವ ಕಡೆ ಎಂದೇ ಗೊತ್ತಾಗಲಿಲ್ಲ. ಒಂದು ಮುರುಕು ಕಲ್ಲುಗೋಡೆಗೆ ಒರಗಿ ಕೂತು ಅತ್ತೆ. ದಿಕ್ಸೂಚಿ ಇದ್ದ ಯಾರೋ ದಂಪತಿ ಬಂದರು, ಅವರ ಹಿಂದೆ ಇಳಿದೆ.

ಆ ಗೋಡೆ ಏನೆಂದು ಆಮೇಲೆ ತಿಳಿಯಿತು. ಹಳೇ ಹವಾಮಾನ ವೀಕ್ಷಣಾಲಯದ್ದು. 1881ರ ಬೇಸಿಗೆಯಲ್ಲಿ ಕ್ಲೆಮೆಂಟ್ ರ್‍ಯಾಗ್ ಎಂಬಾತ ದಿನ ಬೆಳಗಾದರೆ ಬೆಟ್ಟ ಹತ್ತಿ ಅಳತೆ ಬರೆದುಕೊಂಡು ಬರುತ್ತಿದ್ದ. ಅದನ್ನು ನೋಡಿ ಜನ ಚಂದಾ ಎತ್ತಿದರು, 1883ರಲ್ಲಿ ತುದಿಯಲ್ಲೇ ಕಟ್ಟಡ ಎದ್ದಿತು. ಸುಮಾರು ಇಪ್ಪತ್ತು ವರ್ಷ ಅಲ್ಲೇ ಇದ್ದವರು ಗಂಟೆಗೊಮ್ಮೆ ಅಳತೆ ಬರೆದರು. 1904ರಲ್ಲಿ ಮುಚ್ಚಿತು. ಕಾರಣ ದುಡ್ಡಿಲ್ಲ! ನೂರಿಪ್ಪತ್ತು ವರ್ಷದ ಮೇಲೂ ಅದೇ ಬೆಟ್ಟ, ಅದೇ ಮಾತು. ಸ್ಕಾಟ್ಲೆಂಡಿನ ಮುನ್ಸೂಚನೆಗೆ ಸ್ಪೋರ್ಟ್‌ಸ್ಕಾಟ್ಲೆಂಡ್ ಎಂಬ ಸರ್ಕಾರಿ ಕ್ರೀಡಾ ಸಂಸ್ಥೆ ಹಣ ಕೊಡುತ್ತದೆ, ನಿಜ. ಆದರೆ ಬಜೆಟ್ ಬಿಗಿಯಾದಾಗೆಲ್ಲ ಇಂಥದ್ದಕ್ಕೇ ಮೊದಲು ಕತ್ತರಿ ಬೀಳುತ್ತದೇನೋ ಎಂದು ನನಗೆ ಎದೆ ಹೊಡೆದುಕೊಳ್ಳುತ್ತದೆ.

ಆಸ್ಪತ್ರೆಗೇ ದುಡ್ಡಿಲ್ಲ, ನಿಮ್ಮ ಹವ್ಯಾಸಕ್ಕೆ ಯಾಕೆ ಎನ್ನುವವರಿದ್ದಾರೆ. ಆಸ್ಪತ್ರೆ ಮುಖ್ಯ, ಯಾರು ಅಲ್ಲ ಅಂದರು? ಆದರೆ ಬೆಟ್ಟದಲ್ಲಿ ಕಾಲು ಮುರಿದವರು ಕೊನೆಗೆ ಸೇರುವುದೂ ಆಸ್ಪತ್ರೆಗೇ ಅಲ್ವಾ? ಅವರನ್ನು ಹೊತ್ತು ತರಲು ನಡುರಾತ್ರಿ ಹಾಸಿಗೆ ಬಿಟ್ಟು ಓಡುವ ಮೌಂಟನ್ ರೆಸ್ಕ್ಯೂ ಮಂದಿ ಸಂಬಳ ಇಲ್ಲದ ಸ್ವಯಂಸೇವಕರು. ಹವ್ಯಾಸ ಎಂದು ತಳ್ಳಿಹಾಕುವವರು ಅವರ ಮನೆಯವರನ್ನು ಒಮ್ಮೆ ನೆನೆಯಲಿ.

ನಿನ್ನೆ ನಾವು ಐದೂ ಜನ ಸಂಜೆಗೆ ಮನೆ ಸೇರಿದೆವು.

ಆ ಹುಡುಗ ಇದನ್ನು ಓದುತ್ತಾನೆ, ಗೊತ್ತು. ಬೇಜಾರು ಮಾಡಿಕೊಳ್ಳಬೇಡ ಮಾರಾಯ, ಮುಂದಿನ ಶನಿವಾರ ಮತ್ತೆ ಹೋಗೋಣ. ಶುಕ್ರವಾರ ಸಂಜೆ ಮುನ್ಸೂಚನೆ ಈ ಸಲ ನೀನು ಓದು, ಹತ್ತಬೇಕೋ ಬೇಡವೋ ನೀನೇ ನಮಗೆಲ್ಲ ಹೇಳು.