ಗಾಯದ ಪುಸ್ತಕ

ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಕಾರ್ಖಾನೆಗೆ ಸೇರಿದ ಮೊದಲ ತಿಂಗಳಲ್ಲೇ ತಗಡಿನ ಅಂಚು ತಗುಲಿ ನನ್ನ ಹೆಬ್ಬೆರಳು ಕೊಯ್ಯಿತು. ಕರ್ಚೀಫು ಸುತ್ತಿ ಕೈಯನ್ನು ಜೇಬಿಗೆ ಇಳಿಸಿದೆ. ಪೀಣ್ಯದಲ್ಲಿ ಕಲಿತ ಬುದ್ಧಿ. ಮೇಸ್ತ್ರಿ ನೋಡಿಬಿಟ್ಟ. ಬೈಯಲಿಲ್ಲ, ಬ್ಯಾಂಡೇಜು ಕಟ್ಟಿಸಿ, ಒಂದು ಪುಸ್ತಕ ಮುಂದಿಟ್ಟು ಪೆನ್ನು ಕೊಟ್ಟ. ಎಷ್ಟು ಗಂಟೆಗೆ, ಯಾವ ಯಂತ್ರದ ಬಳಿ, ಹೇಗೆ, ಬ್ಯಾಂಡೇಜು ಕಟ್ಟಿದವರು ಯಾರು, ಕಂಡವರು ಯಾರು. ಇದಕ್ಕೆ ಫೆರ್ಬಾಂಡ್‌ಬುಖ್ ಎನ್ನುತ್ತಾರೆ. ಬರೆದದ್ದನ್ನು ಐದು ವರ್ಷ ಕಾಪಾಡಬೇಕು. ಒಂದು ಗೀರು ಗಾಯಕ್ಕೆ ಇಷ್ಟು ಶಾಸ್ತ್ರವೇ ಎಂದು ನಗು ಬಂತು. ವಾರ ಕಳೆಯುವುದರೊಳಗೆ ತಗಡಿನ ಅಂಚುಗಳು ಉಜ್ಜಿಸಿಕೊಂಡೇ ನಮ್ಮ ಮೇಜಿಗೆ ಬರತೊಡಗಿದವು. ಆಮೇಲೆ ನಗಲಿಲ್ಲ.

ಗಾಯದಿಂದ ಮೂರು ದಿನಕ್ಕಿಂತ ಹೆಚ್ಚು ಕೆಲಸ ತಪ್ಪಿದರೆ ಕಂಪನಿ ಅದನ್ನು ಮೂರು ದಿನದೊಳಗೆ ಬೆರುಫ್ಸ್‌ಗೆನೋಸೆನ್‌ಶಾಫ್ಟ್ ಎಂಬ ಅಪಘಾತ ವಿಮಾ ಸಂಸ್ಥೆಗೆ ತಿಳಿಸಬೇಕು. ಬಿಸ್ಮಾರ್ಕನ ಕಾಲದ, 1884ರ ಕಾನೂನಿನಿಂದ ಬೆಳೆದ ಏರ್ಪಾಡು. ಕಂತು ಪೂರ್ತಿ ಮಾಲೀಕರದೇ. ಅಜಾಗ್ರತೆ ಯಾರದೆಂದು ಜಗ್ಗಾಡದೆ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಬದಲಾಗಿ ಮಾಲೀಕ ಬೇಕೆಂದೇ ಮಾಡಿದ್ದಲ್ಲದಿದ್ದರೆ ಅವನ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ.

ಇದನ್ನು ಹೇಳಿದಾಗಲೆಲ್ಲ ಊರಿನ ಗೆಳೆಯರು "ಅಲ್ಲಿನ ಕಾನೂನೇ ಬೇರೆ ಬಿಡಯ್ಯ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ 1948ರ ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆಯಲ್ಲೂ ಪರಿಹಾರದ ಹೊಣೆ ಮಾಲೀಕರ ತಲೆಯಿಂದ ನಿಗಮದ ತಲೆಗೆ ಹೋಗಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14 ಎಂದು ಅದರ ಅನುಸೂಚಿ ಬೆರಳು ಬೆರಳಿಗೂ ಲೆಕ್ಕ ಕಟ್ಟಿತ್ತು. ಅದಕ್ಕೆ ತಕ್ಕ ಮಾಸಾಶನವೂ ಉಂಟು. ಜರ್ಮನಿಯಲ್ಲಾದರೆ ನಷ್ಟ ಶೇ. 20 ಮುಟ್ಟದೆ ಸಾಮಾನ್ಯವಾಗಿ ಪಿಂಚಣಿ ಹುಟ್ಟುವುದಿಲ್ಲ. ಒಂದು ತೋರುಬೆರಳು ಮಾತ್ರ ಹೋದರೆ ಇವರ ತಕ್ಕಡಿ ಅಷ್ಟು ತೂಗುವುದಿಲ್ಲ. ಕಾಗದದಲ್ಲಿ ನಮ್ಮವರೇ ಉದಾರಿಗಳು. ಆ ಮೊದಲ ಕಾಗದವನ್ನು ಬರೆಯುವವರು ಬೇಕಷ್ಟೆ.

ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ನಾನು ರಾತ್ರಿ ಪಾಳಿಯ ಸೂಪರ್‌ವೈಸರ್ ಆಗಿದ್ದೆ. ಕಾಲಿನಲ್ಲಿ ಪೆಡಲ್ ಒತ್ತಿದರೆ ತಗಡಿನ ಮೇಲೆ ಬೀಳುವ ಪವರ್ ಪ್ರೆಸ್. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಅನ್ನು ಕಳಚಿ ಗೋಡೆಗೆ ಒರಗಿಸಿದ್ದೆವು. ಅದಿದ್ದರೆ ಪಾಳಿಯ ಲೆಕ್ಕ ಮುಟ್ಟುತ್ತಿರಲಿಲ್ಲ. ಗುತ್ತಿಗೆಯ ಹುಡುಗನೊಬ್ಬ ಡೈಗೆ, ಅಂದರೆ ಅಚ್ಚಿಗೆ, ಅಂಟಿಕೊಂಡ ತುಂಡನ್ನು ಕೀಳಲು ಕೈ ಹಾಕಿದ. ಕಾಲು ಪೆಡಲ್ ಮೇಲೆಯೇ ಇತ್ತು. ಮಾಲೀಕರಿಗೆ ಫೋನು ಹೋಯಿತು. ನರ್ಸಿಂಗ್ ಹೋಮಿನ ದಾರಿಯಲ್ಲಿ ಆಟೋದೊಳಗೆ ಅವನು ಕೇಳಿದ: "ಮನೆ ಬಾಗಿಲಿಗೆ ಸಿಕ್ಕಿತು ಎನ್ನಬೇಕಂತೆ, ಹೌದಾ ಸಾರ್?" ಹೌದು ಎಂದೆ. ಇ.ಎಸ್.ಐ.ಯಲ್ಲಿ ಅವನ ಹೆಸರನ್ನೇ ಸೇರಿಸಿರಲಿಲ್ಲ. 48 ಗಂಟೆ ಕೆಲಸಕ್ಕೆ ಬಾರದಂತೆ ಮಾಡುವ ಗಾಯವನ್ನು ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕು ಎಂಬ ಆಗಿನ ನಿಯಮ ನನಗೆ ಚೆನ್ನಾಗಿಯೇ ಗೊತ್ತಿತ್ತು. ಹಾಜರಿ ಪುಸ್ತಕದಲ್ಲಿ "ರಜೆ" ಎಂದು ಬರೆದೆ. ಬೆಳಗಿನ ಪಾಳಿಗೆ ಪ್ರೆಸ್ ಎಂದಿನಂತೆ ಓಡಿತು. ಗಾರ್ಡ್ ಗೋಡೆಗೇ ಒರಗಿತ್ತು.

ಜರ್ಮನರೇನೂ ದೇವರಲ್ಲ. ಅಪಘಾತ ಹೆಚ್ಚಿದರೆ ಕಂತೂ ಏರಬಹುದಾದ್ದರಿಂದ ಮುಚ್ಚಿಡುವ ಆಸೆ ಇಲ್ಲಿನ ಮಾಲೀಕರಿಗೂ ಇದ್ದೇ ಇರುತ್ತದೆ. ಆದರೆ ಗೀರು ಗಾಯವನ್ನೇ ಬರೆದು ರೂಢಿಯಾದ ಕೈಗೆ ತುಂಡಾದ ಬೆರಳನ್ನು ಬರೆಯದೆ ಬಿಡುವುದು ಕಷ್ಟ. ನಮ್ಮ ಸಣ್ಣ ಕಾರ್ಖಾನೆಗಳಿಗೆ ಬೇಕಾದದ್ದು ಮೊದಲು ಆ ರೂಢಿ. ಪುಸ್ತಕ ಮಾಲೀಕರ ಬೀರುವಿನಲ್ಲಿ ಇರಬಾರದು, ಯಂತ್ರದ ಪಕ್ಕದ ಮೊಳೆಯಲ್ಲಿ ತೂಗುತ್ತಿರಬೇಕು. ಬರೆದವನನ್ನು ಮರುದಿನ ಗೇಟಿನಲ್ಲಿ ತಡೆಯಬಾರದು.

ಅಂದು ಸ್ಟುಟ್‌ಗಾರ್ಟ್‌ನಲ್ಲಿ ಎಲ್ಲವನ್ನೂ ಸರಸರನೆ ತುಂಬಿದೆ. "ಕಂಡವರು ಯಾರು" ಎಂಬಲ್ಲಿ ಮಾತ್ರ ಕೈ ತಡೆಯಿತು. ಮೇಸ್ತ್ರಿ ಪೆನ್ನು ಇಸಿದುಕೊಂಡು ತನ್ನ ಹೆಸರು ಬರೆದ.